ನಲ್ಲಿಯ ರಿಂಗು

ಡ್ರೈವರ್ ಸೀಟನ್ನು ಮಗುಚಿ ಅದರಡಿಯ ಮುಚ್ಚಳ ಎತ್ತಿದ್ದೇ ತಡ, ಡೀಸೆಲ್ ವಾಸನೆ ಮೆಕ್ಯಾನಿಕ್‌ನ ಮುಖಕ್ಕೆ ರಾಚಿತು. ಈ ವ್ಯಾನಿನಲ್ಲಿ ಎಂಜಿನ್ ಇರುವುದೇ ಸೀಟಿನ ಕೆಳಗೆ. ಅಲ್ಲಿ ಏನು ಸೋರಿದರೂ ವಾಸನೆ ನೇರ ಒಳಗೆ ಕೂತವರಿಗೆ.

"ಆಸ್ಪತ್ರೆ ಮುಂದೆ ನಿಲ್ಸಿದ್ದೆ. ನೆಲ ಎಲ್ಲಾ ಎಣ್ಣೆ ಮಾಡಿದೀರಲ್ಲ ಅಂತ ವಾಚ್‌ಮನ್ ಬೈದ," ಎಂದರು ಭಾವ. ಮೂರು ದಿನದಿಂದ ಅವರು ಗಡ್ಡ ಬೋಳಿಸಿರಲಿಲ್ಲ. "ಬೇಗ ಮುಗಿಸಪ್ಪ. ಐಸಿಯು ಹತ್ರ ಯಾರೂ ಇಲ್ಲ."

ಐಸಿಯುನಲ್ಲಿ ಕಣ್ಣು ತೆರೆಯದೆ ಮಲಗಿದ್ದವಳು ಭಾವನ ಹೆಂಡತಿ, ಮೆಕ್ಯಾನಿಕ್‌ನ ಒಡಹುಟ್ಟಿದ ಅಕ್ಕ. ವಾರಕ್ಕೆ ಮೂರು ಸಲ ಇದೇ ವ್ಯಾನಿನಲ್ಲಿ ಡಯಾಲಿಸಿಸ್‌ಗೆ ಹೋಗುತ್ತಿದ್ದಳು. ಹೋದ ವಾರ ಎರಡು ಸಲ ಹೋಗಲೇ ಇಲ್ಲ. ಹತ್ತಿದರೆ ವಾಸನೆ, ದಾರಿಯುದ್ದಕ್ಕೂ ವಾಂತಿ, ನಾನು ಬರುವುದಿಲ್ಲ ಎಂದು ಹಟ ಹಿಡಿದಳು. ದಿನವಿಡೀ ಅದರಲ್ಲೇ ಇರುವ ಭಾವನ ಮೂಗಿಗೆ ಡೀಸೆಲ್ ತಿಳಿಯುವುದು ಎಂದೋ ನಿಂತಿತ್ತು. ಸೂಜಿಗೆ ಹೆದರಿ ನೆಪ ಹೂಡುತ್ತಾಳೆ ಎಂದರು. ಬುದ್ಧಿ ಹೇಳಲು ಕರೆಸಿದಾಗ ತಮ್ಮನೂ, "ಡೀಸೆಲ್ ಗಾಡಿ ಅಂದ್ಮೇಲೆ ಅತ್ತರಿನ ವಾಸನೆ ಬರುತ್ತಾ ಅಕ್ಕ?" ಎಂದು ನಗಾಡಿದ್ದ. ಮನೆಯಲ್ಲೇ ವ್ಯಾನ್ ಇರುವಾಗ ಬೇರೆ ಗಾಡಿಯ ಯೋಚನೆ ಯಾರಿಗೂ ಹೊಳೆಯಲಿಲ್ಲ. ಡಯಾಲಿಸಿಸ್ ತಪ್ಪಿ, ಮೂರು ದಿನದ ಹಿಂದೆ ಅವಳಿಗೆ ಪ್ರಜ್ಞೆ ಹೋಯಿತು.

ಡೀಸೆಲ್ಲಿನ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ಬುಡ ಒದ್ದೆಯಾಗಿತ್ತು. ಸ್ಕ್ರೂ ಬಿಚ್ಚಿ ಎಳೆದ. ಅದರ ಕುತ್ತಿಗೆಯ ರಬ್ಬರ್ ರಿಂಗು ಡೀಸೆಲ್ ಕುಡಿದು ಊದಿಕೊಂಡು, ಉಗುರು ತಾಗಿಸಿದಲ್ಲೆಲ್ಲ ಕಿತ್ತು ಬಂತು. ಕಪ್ಪು ರಿಂಗು. ಡೀಸೆಲ್‌ಗೆ ಹಾಕಬೇಕಾದದ್ದು ಕಂದು ಬಣ್ಣದ್ದು. ಹೋದ ತಿಂಗಳು ಇದನ್ನು ಬಿಚ್ಚಿದ ದಿನ ಕಂದು ರಿಂಗು ಮುಗಿದಿತ್ತು, ಭಾವ ಅವಸರ ಮಾಡುತ್ತಿದ್ದರು. ಪ್ಲಂಬರ್ ಬಿಟ್ಟುಹೋಗಿದ್ದ ಡಬ್ಬಿಯಲ್ಲಿ ನಲ್ಲಿಗೆ ಹಾಕುವ ರಿಂಗೊಂದು ಅಳತೆಗೆ ಸರಿಯಾಗಿ ಸಿಕ್ಕಿತು. ನಾಲ್ಕು ದಿನ ತಡೆದರೆ ಸಾಕು, ಆಮೇಲೆ ಬದಲಿಸೋಣ ಎಂದುಕೊಂಡ. ಆಮೇಲೆ ಮರೆತೇಬಿಟ್ಟ. ಇಪ್ಪತ್ತೆರಡು ವರ್ಷ ಸ್ಪ್ಯಾನರ್ ಹಿಡಿದವನು ಮಾಡುವ ಕೆಲಸವೇ ಇದು?

"ಯಾವಾಗಿಂದ ಸೋರ್ತಿರಬಹುದು?" ಭಾವ ಕೇಳಿದರು.

ನಿನ್ನೆ ಮೊನ್ನೆಯಿಂದ ಎಂಬ ಮಾತು ನಾಲಿಗೆ ತುದಿಗೇ ಬಂದಿತ್ತು. ಹೇಳಿದ್ದರೆ ಭಾವ ನಂಬುತ್ತಿದ್ದರು.

"ಹದಿನೈದು ದಿನ ಆಗಿರುತ್ತೆ ಭಾವ," ಎಂದ. "ಇದು ನಲ್ಲೀದು. ನಾನೇ ಹಾಕಿದ್ದು." ಅಂಗೈಯಲ್ಲಿಟ್ಟು ತೋರಿಸಿದ.

ಭಾವ ರಿಂಗನ್ನು ನೋಡಿದರು, ಅವನ ಮುಖ ನೋಡಲಿಲ್ಲ.

"ಮೊದಮೊದಲು ರಟ್ಟೆ ಹಿಡಿದು ಎಳ್ಕೊಂಡು ಬಂದು ಕೂರಿಸಿದ್ದೆ ಕಣೋ ಅವಳನ್ನ," ಎಂದರು. "ವಾಂತಿ ಮಾಡಿದ್ದಕ್ಕೂ ಬೈದೆ."

ಅವನಿಗೆ ಅಳು ಬಂತು. ಅಳಲು ತನಗೇನು ಹಕ್ಕು ಎನ್ನಿಸಿ ಕೆಲಸಕ್ಕೆ ಬಗ್ಗಿದ. ಕಂದು ರಿಂಗು ಈಗ ಬೇಕಾದಷ್ಟಿದ್ದವು. ಒಂದಕ್ಕೆ ಡೀಸೆಲ್ ಸವರಿ ಕೂರಿಸಿದ, ಸ್ಕ್ರೂ ಬಿಗಿದ, ಸುತ್ತಮುತ್ತ ಒರೆಸಿದ. ಕಾಲು ಗಂಟೆಯೂ ಹಿಡಿಯಲಿಲ್ಲ. ಎಂಜಿನ್ ಚಾಲೂ ಮಾಡಿ ಬುಡಕ್ಕೆ ಕಾಗದ ಹಿಡಿದು ನೋಡಿದ. ಒಂದು ಹನಿಯೂ ಇರಲಿಲ್ಲ. ಮುಚ್ಚಳ ಹಾಕಿ ಸೀಟು ಕೆಳಗಿಳಿಸಿದ.

"ಸರಿಹೋಯ್ತು ಭಾವ. ನೀವು ಹೊರಡಿ."

ಭಾವ ಡ್ರೈವರ್ ಸೀಟಿಗೆ ಬರಲಿಲ್ಲ. ಹಿಂದಿನ ಬಾಗಿಲು ತೆಗೆದು ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತರು, ಬಾಗಿಲು ಎಳೆದುಕೊಂಡರು, ಕಿಟಕಿಯ ಗಾಜುಗಳನ್ನು ಒಂದೊಂದಾಗಿ ಮುಚ್ಚಿದರು. ಎಂಜಿನ್ ಓಡುತ್ತಲೇ ಇತ್ತು. ಗಾಜಿನ ಆಚೆ ಅವರು ಕಣ್ಣು ಮುಚ್ಚಿ, ಮೂಗಿನಿಂದ ಜೋರಾಗಿ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು.