ಅತ್ತೆಯ ಹಿಂದೆ ಬೆಟ್ಟಕ್ಕೆ

ಕನ್ನಡಕದ ಅಂಗಡಿಯವನಿಗೆ ತನ್ನ ಅತ್ತೆಯೆಂದರೆ ಗೌರವ, ಜೊತೆಗೆ ಸ್ವಲ್ಪ ದಿಗಿಲು. ಅವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಓಲಾಡುವ ಬೋಗಿಯಲ್ಲಿ ಏನನ್ನೂ ಹಿಡಿಯದೆ ನಡೆದ ಬೆನ್ನು ಈಗಲೂ ನೆಟ್ಟಗಿತ್ತು. ತೂಕಡಿಸುತ್ತಿದ್ದವರೂ ಅವರನ್ನು ಕಂಡರೆ ಕೇಳುವ ಮೊದಲೇ ಜೇಬು ತಡಕುತ್ತಿದ್ದರಂತೆ. ನಿವೃತ್ತಿಯ ಮೇಲೆ ಅವರಿಗೆ ಬೆಟ್ಟ ಹತ್ತುವ ಹುಚ್ಚು ಹಿಡಿದಿತ್ತು. ಜೊತೆಗೆ ಹೋಗುತ್ತಿದ್ದವಳು ಮಗಳು. ಈ ಸಲ ಅವಳಿಗೆ ಜ್ವರ.

“ನೀವೇ ಹೋಗಿಬನ್ನಿ. ಇಲ್ಲದಿದ್ರೆ ಅಮ್ಮ ಒಬ್ಬರೇ ಹೊರಟುಬಿಡ್ತಾರೆ,” ಎಂದಳು ಗಂಡನಿಗೆ.

“ನಾನಾ? ಅಂಗಡಿ ಮೆಟ್ಟಿಲು ಹತ್ತಿದ್ರೇ ಏದುಸಿರು ಬರುತ್ತೆ ನಂಗೆ.”

“ಅದನ್ನ ಅಮ್ಮಂಗೆ ನೀವೇ ಹೇಳಿ.”

ಅದಕ್ಕಿಂತ ಬೆಟ್ಟವೇ ವಾಸಿ ಎನ್ನಿಸಿತು ಅವನಿಗೆ.

ಬುಡದ ಕಾಡಿನಲ್ಲಿ ದಾರಿ ಸಲೀಸಾಗಿತ್ತು. ಏರು ಶುರುವಾದ ಮೇಲೆ ಅವನು ಆಗಾಗ ಶೂ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನಿಲ್ಲತೊಡಗಿದ. ಅತ್ತೆ ಹಿಂದೆ ತಿರುಗದೆಯೇ ಹೇಳಿದರು:

“ಅಳಿಯಂದ್ರೇ, ಶೂ ಬಿಡಿ. ಉಸಿರು ಸರಿಮಾಡ್ಕೊಳ್ಳಿ.”

ಮರಗಳು ಮುಗಿದು ಬರೀ ಬಂಡೆಯ ದಾರಿ ಎದುರಾಯಿತು. ಅಗಲ ಒಂದು ಮಂಚದಷ್ಟು. ಎರಡೂ ಕಡೆ ಇಳಿಜಾರು. ಆಳದಲ್ಲೆಲ್ಲೋ ಒಂದು ಕೆರೆ ಮಿನುಗುತ್ತಿತ್ತು. ಅದನ್ನು ನೋಡಿದ್ದೇ ತಡ, ಅವನು ದಾರಿಯ ನಡುವೆಯೇ ನಿಂತುಬಿಟ್ಟ. ಹಿಂದೆ ಬಂದ ಕಾಲೇಜು ಹುಡುಗರ ಗುಂಪೊಂದು ದಾರಿ ಸಿಗದೆ ನಿಂತಿತು. ಯಾರೋ ಕಿಸಕ್ಕೆಂದರು.

“ಅತ್ತೆ, ನನ್ನ ಕೈಲಾಗಲ್ಲ. ನೀವು ಹೋಗಿ.”

“ಹೋಗೋಕಾಗಲ್ವೋ, ನಡೆಯೋಕಾಗಲ್ವೋ?”

“ನಡೆಯೋಕೆ. ಕಾಲು ನಿಲ್ತಾನೇ ಇಲ್ಲ.”

“ಹಾಗಾದ್ರೆ ನಡೆಯೋದು ಬೇಡ.”

ಅಷ್ಟು ಹೇಳಿದವರೇ, ಅಷ್ಟೂ ಜನರ ಕಣ್ಣೆದುರು ಮಂಡಿಯೂರಿ, ಅಂಗೈ ಊರಿ, ಅಂಬೆಗಾಲಿಡತೊಡಗಿದರು. “ನನ್ನ ಹಿಮ್ಮಡಿ ನೋಡ್ಕೊಂಡು ಬನ್ನಿ. ಅಕ್ಕಪಕ್ಕದ್ದೆಲ್ಲ ನಮಗೆ ಬೇಡ.”

ಅವನೂ ಮಂಡಿಯೂರಿದ. ಸವೆದ ಎರಡು ಶೂಗಳು ಮುಂದೆ ಸರಿದಂತೆ ತಾನೂ ಸರಿದ. ಕಲ್ಲು ಬಿಸಿಯಾಗಿತ್ತು, ಅಂಗೈ ಚುರುಗುಟ್ಟಿತು. ಹಿಂದೆ ಯಾರೂ ನಗಲಿಲ್ಲ. ಆಚೆ ತುದಿಯಲ್ಲಿ ತಿರುಗಿ ನೋಡಿದರೆ, ಆ ಗುಂಪಿನ ಹುಡುಗಿಯೊಬ್ಬಳು ಕೂಡ ಹಾಗೇ ಅಂಬೆಗಾಲಿಟ್ಟು ಬರುತ್ತಿದ್ದಳು.

ಶಿಖರದಲ್ಲಿ ಗಾಳಿ ಬೀಸಿ ಬೆವರು ಆರಿತು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೂ ತಿಳಿ ಬಣ್ಣದ್ದೊಂದು. ಅತ್ತೆ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಮೊದಲು ಅವನಿಗೆ ಕೊಟ್ಟರು.

“ಹೇಗಿದೆ?”

“ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡಿದೀನಿ ಅತ್ತೆ. ನನ್ನ ಕಣ್ಣಿಗೆ ಇಷ್ಟು ದೂರ ನೋಡೋ ಕೆಲಸ ಕೊಟ್ಟೇ ಇರಲಿಲ್ಲ.”

ಅತ್ತೆ ನಕ್ಕರು. ಇಳಿಯುವಾಗ ಅದೇ ಬಂಡೆಯನ್ನು ಅವನು ಅವರ ಕೈ ಹಿಡಿದು ನಡೆದೇ ದಾಟಿದ.

ಸಂಜೆ ಎಲ್ಲವನ್ನೂ ಕೇಳಿದ ಹೆಂಡತಿ ಹಾಸಿಗೆಯಲ್ಲಿ ಎದ್ದು ಕೂತಳು. “ಅಮ್ಮ ಮಂಡಿಯೂರಿದ್ರಾ? ಅದೊಂದು ಮಾತ್ರ ಮಾಡ್ಬೇಡಿ ಅಂತ ಡಾಕ್ಟರು ಹೇಳಿದಾರೆ. ಕೆಳಗೆ ಬಿದ್ದ ಪಿನ್ನು ಎತ್ತೋಕೂ ನನ್ನನ್ನ ಕರೀತಾರಲ್ರೀ!”

ಅವನು ಅತ್ತೆಯ ಕೋಣೆಗೆ ಹೋದ. ಅವರು ಎರಡೂ ಮಂಡಿಗಳ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು.

“ಯಾಕೆ ಹೇಳಲಿಲ್ಲ, ಅತ್ತೆ?”

“ಹೇಳಿದ್ರೆ ನೀವು ದಾಟ್ತಿದ್ರಾ?”

ಅವನು ತಣ್ಣಗಾಗಿದ್ದ ಚೀಲವನ್ನು ಎತ್ತಿಕೊಂಡು ನೀರು ಕಾಯಿಸಲು ಅಡುಗೆಮನೆಗೆ ನಡೆದ.

ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಅವನು ಬೆಟ್ಟ ಹತ್ತಿದ ಕಥೆ ಹೇಳಿದ್ದೇ ಹೇಳಿದ್ದು. ಅದರಲ್ಲಿ ಬೆಟ್ಟದ ಮಾತು ಬೇಗ ಮುಗಿದುಹೋಗುತ್ತಿತ್ತು; ಉಳಿದದ್ದೆಲ್ಲ ಅತ್ತೆಯದೇ.