ನೂರ ಮೂವತ್ತು ಡಿಗ್ರಿ

ಅಕ್ಕನ ಮನೆಗೆ ಬಂದು ಸೇರಿಕೊಂಡಾಗ ಅವಳಿಗೆ ಮೂವತ್ತೊಂಬತ್ತು. ಈಗ ನಲವತ್ತೆರಡು. ಆದರೂ ಆ ಮನೆಯಲ್ಲಿ ಅವಳು ಪುಟ್ಟಿಯೇ. ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬೊಂದರಲ್ಲಿ ಹದಿನೇಳು ವರ್ಷ ಮೇಣ ತಿದ್ದಿದ ಕೈ ಅವಳದು. ಯಾರದೋ ಬಾಯಿಯ ಅಚ್ಚನ್ನು ಎದುರಿಗಿಟ್ಟುಕೊಂಡು, ಕೋರೆಹಲ್ಲು ಎಷ್ಟು ಸವೆದಿದೆ, ಒಸಡು ಎಲ್ಲಿ ಇಳಿದಿದೆ ಎಂದು ನೋಡಿ, ನೋಡಿದ್ದನ್ನು ಹಾಗೇ ಬೆರಳಿಗೆ ಇಳಿಸುತ್ತಿದ್ದಳು. ಆಮೇಲೆ ಲ್ಯಾಬಿಗೆ ಹಲ್ಲು ಕೊರೆಯುವ ಯಂತ್ರ ಬಂತು. ಎಂಟು ಮಂದಿ ಇದ್ದ ಕಡೆ ಇಬ್ಬರು ಉಳಿದರು, ಉಳಿದವರಲ್ಲಿ ಪುಟ್ಟಿ ಇರಲಿಲ್ಲ. ಗಂಡ ಎನಿಸಿಕೊಂಡವನು ಅದಕ್ಕೂ ಎರಡು ವರ್ಷ ಮುಂಚೆಯೇ ಬಿಟ್ಟುಹೋಗಿದ್ದ. ಅಕ್ಕನೇ ಬಂದು, ಸೂಟ್‌ಕೇಸು ಎತ್ತಿಕೊಂಡು, ನಡಿ ಎಂದಿದ್ದಳು.

ಕೈಕಟ್ಟಿ ಕೂರುವ ಜಾಯಮಾನ ಪುಟ್ಟಿಯದಲ್ಲ. ಮೂರು ತಿಂಗಳು ಅಕ್ಕನ ಮನೆಯ ಪಾತ್ರೆಗಳನ್ನೆಲ್ಲ ಹೊಳಪು ಬರುವ ತನಕ ತಿಕ್ಕಿದ ಮೇಲೆ, ಪಾಲಿಮರ್ ಕ್ಲೇ ತಂದುಕೊಂಡಳು. ಹೆಸರಿಗೆ ಅದು ಮಣ್ಣು. ಮಣ್ಣಿನ ಕಣವೊಂದೂ ಅದರಲ್ಲಿಲ್ಲ, ಮಿದುವಾದ ಪ್ಲಾಸ್ಟಿಕ್ಕು. ಕೈಶಾಖಕ್ಕೆ ನಾದಿಕೊಂಡು, ಬೇಕಾದ ಆಕಾರ ಕೊಟ್ಟು, ಓವನ್ನಿನಲ್ಲಿ ನೂರ ಮೂವತ್ತು ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ. ಪುಟ್ಟಿ ಓಲೆ ಮಾಡಿದಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ನಿಂಬೆಹಣ್ಣಿನ ಹೋಳು ಮಾಡಿದಳು, ಉಗುರಿನಷ್ಟು ಟೀಪಾಟು, ಅದರ ಪಕ್ಕಕ್ಕೆ ಅಕ್ಕಿಕಾಳಿನಷ್ಟು ಚಮಚ. ಅವಳ ಕೈಚಳಕ ಕಾಣುತ್ತಿದ್ದುದು ದಿಂಡಿನಲ್ಲಿ. ಬೇರೆ ಬೇರೆ ಬಣ್ಣದ ಎಳೆಗಳನ್ನು ಒಂದಕ್ಕೊಂದು ಜೋಡಿಸಿ ದಪ್ಪ ದಿಂಡು ಮಾಡುವುದು, ಅದನ್ನು ಹೊಸೆದು ಹೊಸೆದು ಪೆನ್ಸಿಲಿನಷ್ಟು ಸಣ್ಣ ಮಾಡುವುದು, ಆಮೇಲೆ ಬ್ಲೇಡಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವುದು. ಎಲ್ಲಿ ಕೊಯ್ದರೂ ಒಳಗೆ ಅದೇ ಹೂವು, ಎಸಳೂ ತಪ್ಪದೆ.

ಅಕ್ಕ ಇದನ್ನು ಆಟ ಎಂದೇ ತಿಳಿದಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಅವಳು ಮೇಲ್ವಿಚಾರಕಿ. ದಿನಕ್ಕೆ ಆರು ನೂರು ಬೆಡ್‌ಶೀಟು ಅವಳ ಕಣ್ಣೆದುರು ಹಾದುಹೋಗುತ್ತಿದ್ದವು. ಅಂಥವಳಿಗೆ ಅಕ್ಕಿಕಾಳಿನಷ್ಟು ಚಮಚದ ಉಪಯೋಗ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಅವಳದು ಗಡಿಬಿಡಿಯ ಸ್ವಭಾವ, ಜೋರು ಬಾಯಿ. ಮನೆಗೆ ಬೇಕಾದ ಮಾತನ್ನೆಲ್ಲ ಅವಳೊಬ್ಬಳೇ ಆಡಿ ಮುಗಿಸುತ್ತಿದ್ದಳು.

ಮುಗಿಸಲೇಬೇಕಿತ್ತು ಕೂಡ, ಏಕೆಂದರೆ ಭಾವನಿಗೆ ಉಗ್ಗು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವರದು. ಗಿರಾಕಿಗಳ ಜೊತೆ ಮಾತಾಡುವ ಪ್ರಮೇಯ ಬಾರದ ಕೆಲಸ ಎಂದೇ ಅದನ್ನು ಹಿಡಿದಿದ್ದರು. ಮನೆಯಲ್ಲಿ ಅವರು ಮೊದಲ ಅಕ್ಷರಕ್ಕೆ ತಿಣುಕುವಷ್ಟರಲ್ಲಿ ಅಕ್ಕ ಇಡೀ ವಾಕ್ಯವನ್ನು ಮುಗಿಸಿ, ಅದಕ್ಕೆ ಉತ್ತರವನ್ನೂ ಕೊಟ್ಟಾಗಿರುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಭಾವ ಮುಗುಳ್ನಕ್ಕು ಸುಮ್ಮನಾಗುತ್ತಿದ್ದರು. ಪುಟ್ಟಿಯ ಕೆಲಸಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ. ಸೂಜಿಗಳಿಗೆ ಮರದ ಹಿಡಿ ಕೂರಿಸಿ ಅವಳಿಗೆ ಉಪಕರಣ ಮಾಡಿಕೊಟ್ಟಿದ್ದರು. ಯಾರೋ ಮಾರಲು ಇಟ್ಟಿದ್ದ ಹಳೆಯ ಓವನ್ನನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ತಂದು ಅಡಿಗೆಮನೆಯಲ್ಲಿ ಇಟ್ಟಿದ್ದರು.

ಆ ಮನೆಯಲ್ಲಿ ಇನ್ನೊಂದು ಜೀವವಿತ್ತು. ಅಡಿಗೆಮನೆಯ ಕಿಟಕಿಯ ಹತ್ತಿರ ಪಂಜರದಲ್ಲಿ ಒಂದು ಪುಟ್ಟ ಹಸಿರು ಗಿಳಿ. ಬೆಳಿಗ್ಗೆ ಐದೂವರೆಗೆ ಎದ್ದು ಭಾವ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅದರ ಜೊತೆ ಮಾತಾಡುವಾಗ ಅವರ ನಾಲಿಗೆ ಎಲ್ಲಿಯೂ ಎಡವುತ್ತಿರಲಿಲ್ಲ. ಇದಕ್ಕೆ ಕಾರಣ ಏನೆಂದು ಯಾರಿಗೂ ಗೊತ್ತಿಲ್ಲ. ಗಿಳಿ ಅವರ ಮಾತನ್ನು ಕಲಿತಿತ್ತು, ಅವರ ದನಿಯನ್ನೂ ಕಲಿತಿತ್ತು. "ಊಟ ಆಯ್ತಾ?", "ಏನ್ ಸಮಾಚಾರ?", "ಬಂದೆ, ಬಂದೆ, ಒಂದ್ ನಿಮಿಷ." ಹಗಲೆಲ್ಲ ಭಾವ ಅಂಗಡಿಯಲ್ಲಿರುವಾಗ ಅವರ ದನಿ ಮನೆಯಲ್ಲಿ ನೀರು ಹರಿದಂತೆ ಮಾತಾಡುತ್ತಿತ್ತು. ಗಿಳಿ ಮಾತು ಕಲಿತ ಹೊಸದರಲ್ಲಿ ಅಕ್ಕ ಒಂದು ದಿನ ಬಚ್ಚಲಿನಿಂದಲೇ ಅದರ ಜೊತೆ ಹತ್ತು ನಿಮಿಷ ಜಗಳ ಆಡಿದ್ದಳು, ಬಂದೆ ಬಂದೆ ಅಂತೀರ, ಬರೋದು ಯಾವಾಗ ಎಂದು. ಹೊರಗೆ ಬಂದು ನೋಡಿದರೆ ಗಂಡ ಇನ್ನೂ ಮನೆಗೆ ಬಂದಿರಲೇ ಇಲ್ಲ. ಆ ಕಥೆಯನ್ನು ಅವಳು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಳು.

ಅದು ನಡೆದದ್ದು ಅಕ್ಕನಿಗೆ ರಜೆ ಇದ್ದ ಒಂದು ಮಧ್ಯಾಹ್ನ. ಉಡುಗೊರೆ ಅಂಗಡಿಯೊಂದು ಪುಟ್ಟಿಗೆ ಅರವತ್ತು ಹೂವಿನ ಪಿನ್ನುಗಳಿಗೆ ಹೇಳಿತ್ತು. ಅಷ್ಟು ದೊಡ್ಡ ಆರ್ಡರು ಅವಳಿಗೆ ಅದೇ ಮೊದಲು. ಕೊನೆಯ ಟ್ರೇಯನ್ನು ಓವನ್ನಿಗೆ ಇಟ್ಟು, ಗುಂಡಿಯನ್ನು ನೂರ ಮೂವತ್ತಕ್ಕೆ ತಿರುಗಿಸಿ, ಪಿನ್ನು ಜೋಡಿಸುವ ರಟ್ಟಿನ ಪೆಟ್ಟಿಗೆ ತರಲು ಹೊರಟಳು. ಅರ್ಧ ಗಂಟೆಗೆ ಆರಿಸಿಬಿಡು ಎಂದು ಅಕ್ಕನಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ಅಕ್ಕ ಬ್ರೆಡ್ಡಿಗೆ ಹಿಟ್ಟು ನಾದಿಟ್ಟಿದ್ದಳು. ಅದು ಉಬ್ಬಿ ಬಟ್ಟಲಿನಿಂದ ಹೊರಕ್ಕೆ ಬರುತ್ತಿತ್ತು. ನಿನ್ನ ಹೂವು ಬೇಯೋದರೊಳಗೆ ನನ್ನ ಹಿಟ್ಟು ಹುಳಿ ಹಿಡಿಯುತ್ತೆ ಎಂದು ಗೊಣಗಿದ್ದು ಪುಟ್ಟಿಗೆ ಮೆಟ್ಟಿಲಿಳಿಯುವಾಗ ಕೇಳಿಸಿತ್ತು.

ಹಿಂತಿರುಗುವಾಗ ಎರಡನೆಯ ಮಹಡಿಯಲ್ಲೇ ವಾಸನೆ ಬಡಿಯಿತು. ಮೂಗನ್ನು ಕೊರೆಯುವ, ಗಂಟಲು ಉರಿಸುವ ವಾಸನೆ. ಆ ಕ್ಲೇ ಸೀದರೆ ಏಳುವ ಹೊಗೆ ವಿಷ ಎಂದು ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅವಳು ಓದಿದ್ದಳು. ಯಾರಿಗೂ ಹೇಳಿರಲಿಲ್ಲ.

ಅಕ್ಕ ಬಾಗಿಲ ಹೊರಗೆ ಗೋಡೆಗೆ ಆತುಕೊಂಡು ಕೆಮ್ಮುತ್ತಿದ್ದಳು. ಪುಟ್ಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿ ಕಿಟಕಿಗಳನ್ನು ತೆರೆದಳು. ಅರವತ್ತರಲ್ಲಿ ಹದಿನೆಂಟು ಹೂವು ಟ್ರೇಯ ಮೇಲೆ ಕರ್ರಗೆ ಗುಳ್ಳೆ ಎದ್ದು ಬಿದ್ದಿದ್ದವು. ಓವನ್ನಿನ ಗುಂಡಿ ಇನ್ನೂರ ಮೂವತ್ತರ ಮೇಲೆ ನಿಂತಿತ್ತು. ಗಿಳಿ ಪಂಜರದ ತಳದಲ್ಲಿ ಕಾಲು ಮಡಚಿಕೊಂಡು ಮಲಗಿತ್ತು. ಕೈಗೆತ್ತಿಕೊಂಡಾಗ ಮೈ ಇನ್ನೂ ಬೆಚ್ಚಗಿತ್ತು, ಕತ್ತು ಮಾತ್ರ ನಿಲ್ಲಲಿಲ್ಲ.

ಆರು ಗಂಟೆಗೆ ಭಾವ ಬಂದರು. ಅಕ್ಕ ಬಾಗಿಲಲ್ಲೇ ಹೇಳಿದಳು, "ಪುಟ್ಟಿ ಓವನ್ ಹಚ್ಚಿಟ್ಟು ಆಚೆ ಹೋಗಿದ್ಲು ರೀ. ಟ್ರೇಲಿದ್ದ ಹೂವೆಲ್ಲ ಸೀದುಹೋಯ್ತು. ಹೊಗೆ ತುಂಬ್ಕೊಳ್ತು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪುಟ್ಟಿ ಅಕ್ಕನ ಮುಖ ನೋಡಿದಳು. ಅಕ್ಕ ಅವಳ ಮುಖ ನೋಡಲಿಲ್ಲ. ಒಣಗಿದ್ದ ಕೈಯನ್ನೇ ಬಟ್ಟೆಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಮೂರು ವರ್ಷ ಉಂಡ ಅನ್ನ ಗಂಟಲಲ್ಲಿ ಕೂತಿರುವಾಗ ಎಲ್ಲ ಮಾತೂ ಹೊರಗೆ ಬರುವುದಿಲ್ಲ.

"ತಪ್ಪಾಯ್ತು ಭಾವ," ಎಂದಳು.

ಭಾವ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ನಿಂತರು. ಏನೋ ಹೇಳಲು ತುಟಿ ಅಲ್ಲಾಡಿತು, ಕತ್ತಿನ ನರ ಬಿಗಿಯಿತು, ಒಂದು ಅಕ್ಷರವೂ ಬರಲಿಲ್ಲ. ಅವತ್ತು ಅಕ್ಕನೂ ಅವರ ಮಾತನ್ನು ಮುಗಿಸಿಕೊಡಲಿಲ್ಲ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಗಿಳಿಯನ್ನು ಸುತ್ತಿಕೊಂಡು ಕೆಳಗಿಳಿದು ಹೋದರು. ಎಲ್ಲಿ ಹೂತರೋ, ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಭಾವ ಐದೂವರೆಗೇ ಏಳುತ್ತಿದ್ದರು, ಸ್ಟೂಲಿನ ಮೇಲೆ ಕೂತು ಶೂಸಿಗೆ ಪಾಲಿಶು ಹಾಕುತ್ತಿದ್ದರು. ಪುಟ್ಟಿಯ ಮೇಲೆ ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಅವಳಿಗೆ ಇಲ್ಲದ ಉಪಚಾರ ಮಾಡತೊಡಗಿದಳು. ಅವಳ ತಟ್ಟೆಗೆ ಮೊದಲು ಬಡಿಸುವುದು, ಅವಳ ಬಟ್ಟೆಗೂ ಇಸ್ತ್ರಿ ಹಾಕುವುದು, ತನ್ನ ಶಾಲನ್ನು ಅವಳ ಹಾಸಿಗೆಯ ಮೇಲೆ ಇಟ್ಟುಹೋಗುವುದು. ಪುಟ್ಟಿಗೆ ಅದು ಮೈಮೇಲೆ ಹುಳ ಹರಿದಂತಾಗುತ್ತಿತ್ತು. ಇಬ್ಬರೇ ಇದ್ದಾಗಲೂ ಗುಂಡಿಯ ಮಾತನ್ನು ಯಾರೂ ಎತ್ತಲಿಲ್ಲ. ಉಡುಗೊರೆ ಅಂಗಡಿಯವರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿ, ಪುಟ್ಟಿ ಕ್ಲೇಯ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದಳು.

ಹತ್ತು ದಿನ ಕಳೆದ ಮೇಲೆ ಆ ಡಬ್ಬಿಯನ್ನು ಈಚೆಗೆ ಎಳೆದವಳು ಅಕ್ಕ. "ಆ ಗಿಳಿ ಥರಾನೇ ಒಂದು ಮಾಡಿಕೊಡೆ ಅವರಿಗೆ," ಎಂದಳು. "ನಿನ್ನ ಕೈಲಾಗುತ್ತೆ. ಥೇಟ್ ಅದೇ ಅನ್ನಿಸೋ ಹಾಗೆ."

ಬೇಡ ಅಕ್ಕ ಎಂದಳು ಪುಟ್ಟಿ. ಅಕ್ಕ ಬಿಡಲಿಲ್ಲ. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅವಳ ಕೇಳಿಕೆಯನ್ನು ತಳ್ಳಿಹಾಕಿ ಪುಟ್ಟಿಗೆ ಅಭ್ಯಾಸವೇ ಇರಲಿಲ್ಲ.

ಹದಿಮೂರು ದಿನ ಹಿಡಿಯಿತು. ತಂತಿಯ ಮೇಲೆ ಮೈ ಕಟ್ಟಿ, ಐದು ಬಗೆಯ ಹಸಿರಿನ ದಿಂಡು ಹೊಸೆದು, ಕೂದಲೆಳೆಯಷ್ಟು ತೆಳುವಾಗಿ ಕೊಯ್ದು, ಒಂದೊಂದು ಗರಿಯನ್ನೂ ಸೂಜಿಯ ತುದಿಯಿಂದ ಕೂರಿಸಿದಳು. ಗಿಳಿಯ ಎಡಗಾಲಿನ ಒಂದು ಉಗುರು ಡೊಂಕಾಗಿತ್ತು, ಅದನ್ನೂ ಡೊಂಕು ಮಾಡಿದಳು. ಬೇಯಿಸುವಾಗ ಅರ್ಧ ಗಂಟೆಯೂ ಓವನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು, ಕಣ್ಣು ಗುಂಡಿಯ ಮೇಲೆ. ಜೀವಮಾನದಲ್ಲಿ ಅವಳು ಅಷ್ಟು ಚೆನ್ನಾಗಿ ಏನನ್ನೂ ಮಾಡಿರಲಿಲ್ಲ. ಮುಗಿದ ಮೇಲೆ ಅದರ ಕಡೆ ನೋಡಲು ಅವಳಿಗೇ ಭಯವಾಯಿತು.

ಒಂದು ಸಂಜೆ ಭಾವ ಕಾಫಿ ಕುಡಿಯುತ್ತ ಕೂತಿದ್ದಾಗ ಅಕ್ಕನೇ ತಂದು ಮೇಜಿನ ಮೇಲೆ ಇಟ್ಟಳು. ಭಾವ ಲೋಟ ಕೆಳಗಿಟ್ಟರು. ಅಂಗಡಿಯ ಭೂತಗನ್ನಡಿ ಅವರ ಜೇಬಿನಲ್ಲೇ ಇರುತ್ತಿತ್ತು. ತೆಗೆದು ಕಣ್ಣಿಗೆ ಹಿಡಿದು, ರೆಕ್ಕೆ ನೋಡಿದರು, ಕೊಕ್ಕು ನೋಡಿದರು, ಡೊಂಕು ಉಗುರಿನ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು ಬಂದು ಅದನ್ನು ಪುಟ್ಟಿಯ ಅಂಗೈಯಲ್ಲಿ ಇಟ್ಟು ಅವಳ ಬೆರಳುಗಳನ್ನು ಮಡಚಿದರು.

"ಚೆ... ಚೆನ್ನಾಗಿದೆ. ನ... ನನಗೆ ಬೇಡ ಪುಟ್ಟಿ."

"ಅವಳು ಎಷ್ಟು ಕಷ್ಟ ಬಿದ್ದು..." ಎಂದು ಅಕ್ಕ ಶುರು ಮಾಡಿದವಳು ಅಲ್ಲಿಗೇ ನಿಂತಳು. ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತಳು. "ಅವಳಲ್ಲ ರೀ. ಗುಂಡಿ ತಿರುಗಿಸಿದ್ದು ನಾನು. ಬೇಗ ಬೆಂದುಬಿಡ್ಲಿ, ನನ್ನ ಬ್ರೆಡ್ಡಿಗೂ ಕಾದಿರುತ್ತೆ ಅಂತ ತಿರುಗಿಸಿ, ರೂಮಿಗೆ ಹೋಗಿ ಫೋನಿನಲ್ಲಿ ಮಾತಾಡ್ತಾ ಕೂತೆ. ಅಡಿಗೆಮನೆ ಬಾಗಿಲು ಹಾಕಿದ್ದೆ. ಅದು ಕೂಗ್ತಾನೇ ಇತ್ತು, ಬಂದೆ ಬಂದೆ ಅಂತ. ಯಾವಾಗ್ಲೂ ಕೂಗುತ್ತಲ್ಲ ಅಂತ ಸುಮ್ಮನಿದ್ದೆ."

ಗಿಳಿ ಕೂಗಿದ ಸಂಗತಿ ಪುಟ್ಟಿಗೂ ಗೊತ್ತಿರಲಿಲ್ಲ.

ಭಾವ ಹೆಂಡತಿಯನ್ನೇ ನೋಡುತ್ತ ನಿಂತಿದ್ದರು. ಮಾತಿಗೆ ಬಾಯಿ ತೆರೆದರು. ಅದು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು, ಯಾರೂ ಏಳಲಿಲ್ಲ.

"ಗ... ಗೊತ್ತು. ಅವತ್ತೇ ಗೊತ್ತು. ಬಟ್... ಬಟ್ಟಲಲ್ಲಿ ಹಿಟ್ಟಿತ್ತು." ಉಸಿರು ಎಳೆದುಕೊಂಡರು. "ನೀನು ಹೇ... ಹೇಳ್ತೀಯ ಅಂತ ಕಾ... ಕಾದೆ. ದಿನಾ ಕಾದೆ."

ಆಮೇಲೆ ಪುಟ್ಟಿಯ ಕಡೆ ತಿರುಗಿ, "ನೀ... ನೀನೂ," ಎಂದರು. ಅದು ಬೈಗುಳವಾಗಿರಲಿಲ್ಲ, ಬಹಳ ದಣಿದವರ ದನಿಯಾಗಿತ್ತು. ಒಲೆ ಆರಿಸಿ, ಚೆಲ್ಲಿದ ಹಾಲು ಒರೆಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಷ್ಟೇ. ಪಾತ್ರೆ ಎಸೆದಾಟವಿಲ್ಲ, ಮನೆ ಬಿಟ್ಟುಹೋಗುವುದಿಲ್ಲ. ಮರುದಿನ ಅವರು ಎಂದಿನ ಹೊತ್ತಿಗೆ ಕೆಲಸಕ್ಕೆ ಹೋದರು, ಎಂದಿನ ಹೊತ್ತಿಗೆ ಬಂದರು. ಅಕ್ಕ ಪೇಟೆಯಿಂದ ಇನ್ನೊಂದು ಗಿಳಿ ತಂದಳು. ಅವರು ಅದನ್ನು ಪಂಜರದ ಸಮೇತ ಕೆಳಮನೆಯವರಿಗೆ ಕೊಟ್ಟುಬಂದರು. ಬಾಯಿಂದ ಆಗಬೇಕಾದ ಕೆಲಸವಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡತೊಡಗಿದರು. ಸೋಪು ಮುಗಿದಿದೆ. ನಾಳೆ ಊಟ ಬೇಡ.

ಪುಟ್ಟಿ ಆ ತಿಂಗಳ ಕೊನೆಗೆ ಎರಡು ಬೀದಿ ಆಚೆ, ಟೈರು ಅಂಗಡಿಯ ಮೇಲಿನ ಒಂದು ಕೋಣೆಗೆ ಹೋದಳು. ಕೆಲಸಕ್ಕೆ ಬೇರೆ ಜಾಗ ಬೇಕು ಎಂದು ಕಾರಣ ಕೊಟ್ಟಳು, ಯಾರೂ ತಡೆಯಲಿಲ್ಲ. ರಬ್ಬರಿನ ವಾಸನೆಯ ಆ ಕೋಣೆಯಲ್ಲಿ ಅವಳು ಮತ್ತೆ ಓಲೆ, ಪಿನ್ನು, ಟೀಪಾಟು ಮಾಡತೊಡಗಿದಳು. ಹಸಿರು ಬಣ್ಣವನ್ನು ಮಾತ್ರ ತರಿಸಲಿಲ್ಲ. ಎಲೆ ಕೇಳುವ ಗಿರಾಕಿಗಳಿಗೆ ಕಂದು ಎಲೆ ಮಾಡಿಕೊಡುತ್ತಿದ್ದಳು, ಉದುರಿದ ಎಲೆ ಎಂದು ಅವರು ಮೆಚ್ಚಿಕೊಂಡೇ ಒಯ್ಯುತ್ತಿದ್ದರು.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಬಂದಳು. ಕೈಯಲ್ಲಿ ಬುತ್ತಿಯಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಮೇಜಿನ ಎದುರು ಕೂತು, ಪುಟ್ಟಿ ನಾದುತ್ತಿದ್ದ ಬಿಳಿ ಕ್ಲೇಯಲ್ಲಿ ಒಂದು ಉಂಡೆಯನ್ನು ತಾನೂ ಎತ್ತಿಕೊಂಡು ಹಿಸುಕತೊಡಗಿದಳು. ಬಿಳಿಗೆ ಬೇಗ ಕೊಳೆ ಹತ್ತುತ್ತದೆ, ಕೈ ತೊಳಕೊ ಎಂದು ಹೇಳಬೇಕೆನಿಸಿತು ಪುಟ್ಟಿಗೆ. ತನ್ನ ಉಂಡೆಯನ್ನೇ ನಾದುತ್ತ ಹೋದಳು.

"ನಾನು ಮನೇಲಿ ಮಾತಾಡೋದು ಬಿಟ್ಟಿದೀನಿ ಕಣೆ," ಎಂದಳು ಅಕ್ಕ. "ಅವರಿಗೆ ಮಾತಾಡೋಕೆ ಜಾಗ ಆಗ್ಲಿ ಅಂತ. ಅವರು ಏನಾದ್ರೂ ಶುರು ಮಾಡಿದ್ರೆ ಮುಗಿಯೋ ತನಕ ಬಾಯಿ ಮುಚ್ಕೊಂಡಿರಬೇಕು ಅಂತ ಕಾಯ್ತಾ ಕೂತಿರ್ತೀನಿ."

"ಮತ್ತೆ?"

"ಶುರುನೇ ಮಾಡಲ್ಲ."

ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಶುರುವಾಗಿ, ನಿಂತಿತು. ಅಕ್ಕನ ಕೈಯಲ್ಲಿದ್ದ ಉಂಡೆ ಬೂದು ತಿರುಗಿತ್ತು. ಪುಟ್ಟಿ ಡಬ್ಬಿಯಿಂದ ಇನ್ನಷ್ಟು ಮುರಿದು ಅವಳ ಮುಂದೆ ಇಟ್ಟಳು. ಐದೂಕಾಲಿಗೆ ಅಕ್ಕ ಎದ್ದು, ಅವರು ಬರೋ ಹೊತ್ತಾಯ್ತು ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.