ಕೊಕ್ಕೆಗೆ ಸಿಕ್ಕ ಎಳೆ

ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ದಿಬ್ಬೂರಹಳ್ಳಿಯ ಆಚೆಯ ಕೆರೆ ದಂಡೆಯಲ್ಲಿ, ಅಚ್ಯುತ್ ಅವರ ಗಾಳದ ಕೊಕ್ಕೆಗೆ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿತು. ನಿಯಮದ ಪ್ರಕಾರ ಅವರು ಸ್ಪರ್ಧೆಯಿಂದ ಹೊರಗೆ. ಎಳೆ ಹಿಡಿದಿದ್ದ ಸಂಘದ ಅಧ್ಯಕ್ಷ ಗಂಗುಲಪ್ಪ ಇನ್ನೊಮ್ಮೆ ಎಳೆದು ನೋಡಿದರು. ಎಳೆ ತುಂಡಾಯಿತು, ತುಣುಕು ಕೊಕ್ಕೆಯಲ್ಲೇ ಉಳಿಯಿತು.

ಐದು ಹೆಜ್ಜೆ ದೂರದಲ್ಲಿ ಶೈಸ್ತಾ ತನ್ನ ಕಯಾಕಿನ ಪಕ್ಕ ನಿಂತಿದ್ದಳು. ಇದಕ್ಕಾಗಿ ಅವಳು ಒಂದು ವರ್ಷ ಕಾದಿದ್ದಳು.

ಶಿಡ್ಲಘಟ್ಟದ ಆ ಗಾಳದ ಸಂಘದಲ್ಲಿ ಹದಿನಾಲ್ಕು ಜನ. ಒಬ್ಬರೇ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿಯಲ್ಲಿ, ಅಂದರೆ ಕಯಾಕಿನಲ್ಲಿ, ಕೆರೆಗಿಳಿದು ಮೀನು ಹಿಡಿಯುತ್ತಾರೆ. ವರ್ಷದ ಸ್ಪರ್ಧೆಯಲ್ಲಿ ಮೊದಲೆರಡು ಸ್ಥಾನ ಪಡೆದವರನ್ನು ಸಂಘ ಮಲ್ಪೆಗೆ ಕಳಿಸುತ್ತದೆ. ಅಲ್ಲಿ ಮೂರು ದಿನ ಸಮುದ್ರದಲ್ಲಿ, ಬಂಡೆಗಳ ಬುಡದ ಮುರು ಮೀನಿಗೆ ಗಾಳ ಹಾಕಬಹುದು. ಸಮುದ್ರದಲ್ಲಿ ಪಾಲಿಸಬೇಕಾದ ನಿಯಮಗಳೇ ಕೆರೆಯಲ್ಲೂ ಇವೆ. ಒಬ್ಬರಿಗೆ ಒಂದೇ ರಾಡು, ಒಂದೇ ಕೊಕ್ಕೆ. ಲೈಫ್ ಜಾಕೆಟ್ ತೊಟ್ಟಿರಬೇಕು. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಸಣ್ಣ ಮುಳ್ಳು ಇರಕೂಡದು, ಯಾಕೆಂದರೆ ನೀರಿಗೆ ವಾಪಸ್ ಬಿಡುವ ಮೀನಿನ ಬಾಯಿ ಅದರಿಂದ ಹರಿಯುತ್ತದೆ. ಹೆಚ್ಚಿನವರು ಇಕ್ಕಳದಲ್ಲಿ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಂಡು ಬರುತ್ತಾರೆ.

ಅದನ್ನು ಪರೀಕ್ಷಿಸಲು ಹಿಂದಿನ ವರ್ಷದವರೆಗೆ ಹತ್ತಿಯ ಕರ್ಚೀಫು ಬಳಸುತ್ತಿದ್ದರು. ಕೊಕ್ಕೆ ಚುಚ್ಚಿ ಹಿಂದಕ್ಕೆಳೆದಾಗ ಸಿಕ್ಕಿಕೊಂಡರೆ ಹೊರಗೆ. ಹೋದ ವರ್ಷ ಶೈಸ್ತಾಳ ಕೊಕ್ಕೆ ಸಿಕ್ಕಿಕೊಂಡಿತ್ತು. ಎರಡು ನಿಮಿಷ ಕೊಟ್ಟರೆ ಅರದಲ್ಲಿ ಉಜ್ಜಿ ಸರಿಮಾಡುತ್ತೇನೆಂದು ಅವಳು ಕೇಳಿದಳು. ಸಂಘದ ಕಾರ್ಯದರ್ಶಿ, ಹೈಸ್ಕೂಲಿನ ಮೇಷ್ಟರು ಅಚ್ಯುತ್, ಪರೀಕ್ಷೆ ಶುರುವಾದ ಮೇಲೆ ರಿಪೇರಿಗೆ ಅವಕಾಶವಿಲ್ಲ ಎಂದರು. ಆಮೇಲೆ ಎಲ್ಲರ ಮುಂದೆ ಹೇಳಿದರು: "ನೀವು ಗೂಡು ಬೇಯಿಸ್ಕೊಂಡಿರಮ್ಮ ಸಾಕು. ಗಾಳ ನಾವು ನೋಡ್ಕೋತೀವಿ."

ಆ ಕೊಕ್ಕೆಯ ಫೋಟೋ ಸಂಜೆ ಸಂಘದ ವಾಟ್ಸ್ಯಾಪ್ ಗುಂಪಿಗೆ ಬಂತು. ಆ ವರ್ಷ ಮಲ್ಪೆಗೆ ಹೋದ ಇಬ್ಬರಲ್ಲಿ ಅಚ್ಯುತ್ ಒಬ್ಬರು.

ಶೈಸ್ತಾಳದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಘಟಕ. ಅಲ್ಲಿ ಬೇಯಿಸಿದ ಗೂಡಿನಿಂದ ಬರುವ ಎಳೆ ಪಿಂಗಾಣಿ ಗುಂಡಿಯ ತೂತಿನಲ್ಲಿ ಹಾದು ಬರುತ್ತದೆ. ಗುಂಡಿಗೆ ಕಣ್ಣಿಗೆ ಕಾಣದಷ್ಟು ಗೀರು ಬಿದ್ದಿದ್ದರೂ ಎಳೆ ಅಲ್ಲಿ ಹಿಡಿದು ಹರಿಯುತ್ತದೆ. ಇದು ನೂಲು ಬಿಚ್ಚುವ ರೀಲರುಗಳಿಗೆ ಗೊತ್ತು. ರೇಷ್ಮೆಯನ್ನು ಸೀರೆಯಾಗಿ ಮಾತ್ರ ಕಂಡವರು ಅದು ಜಾರುತ್ತದೆ ಎಂದುಕೊಳ್ಳುತ್ತಾರೆ.

ಮಾರ್ಚಿನ ಸಭೆಯಲ್ಲಿ ಶೈಸ್ತಾ ಎದ್ದು ನಿಂತು, ಕರ್ಚೀಫು ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ, ಎಲ್ಲರಿಗೂ ಒಂದೇ ಬಗೆಯ ಹಸಿ ರೇಷ್ಮೆ ಎಳೆಯನ್ನು ಕೊಕ್ಕೆಯ ತುದಿಗೆ ಹಾಕಿ ಎಳೆದು ನೋಡಿದರೆ ತಕರಾರು ಇರುವುದಿಲ್ಲ ಎಂದಳು. ಅನುಮೋದಿಸಿದವರು ಅಚ್ಯುತ್. ಪಾಪ, ಸಲೀಸಾಗಲಿ ಅಂತ ಕೇಳ್ತಿದಾಳೆ ಎಂದು ಪಕ್ಕದವರಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ಆಮೇಲೆ ಒಂದು ವಾರ, ದಿನವೂ ಕೆಲಸ ಮುಗಿದ ಮೇಲೆ ಇಕ್ಕಳ ಒತ್ತಿದ ಕಡೆ ಉಳಿಯುವ ಸಣ್ಣ ಗೀರೂ ಹೋಗಲೆಂದು ತನ್ನ ಕೊಕ್ಕೆಯನ್ನು ನುಣ್ಣನೆಯ ಉಪ್ಪುಕಾಗದದಲ್ಲಿ ಉಜ್ಜಿದಳು. ವಿಷಯ ಹೊರಗೆ ಹೋದೀತೆಂದು ಯಾರಿಗೂ ಹೇಳಲಿಲ್ಲ. ಅದೇ ಸಂಘದಲ್ಲಿದ್ದ ತಮ್ಮ ಕಾಮ್ರಾನ್‌ಗೂ ಹೇಳಲಿಲ್ಲ.

ಈಗ ದಂಡೆಯಲ್ಲಿ ಅಚ್ಯುತ್ ಅರ ಕೇಳಿದರು. ಮೊದಲು ಎಲ್ಲರದೂ ಮುಗಿಯಲಿ ಎಂದು ಗಂಗುಲಪ್ಪ ಮುಂದಕ್ಕೆ ಹೋದರು. ಶೈಸ್ತಾಳ ಕೊಕ್ಕೆಯಿಂದ ಎಳೆ ಸಲೀಸಾಗಿ ಹೊರಬಂತು. ಕಾಮ್ರಾನ್‌ನ ಕೊಕ್ಕೆಯಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಲೆಕ್ಕ ಹಾಕಿದರೆ ಹೊರಗಾದವರು ಐದು ಜನ.

ಗಂಗುಲಪ್ಪ ಎಲ್ಲರನ್ನೂ ಹತ್ತಿರ ಕರೆದರು. ಯಾರದೂ ಆಕ್ಷೇಪ ಇಲ್ಲದಿದ್ದರೆ ಐವರಿಗೂ ಅರ ಹಿಡಿಯಲು ಐದು ನಿಮಿಷ ಕೊಡೋಣ ಎಂದರು. ಅವರು ಶೈಸ್ತಾಳ ಕಡೆ ತಿರುಗಿದರು.

"ಹೋಗ್ಲಿ ಬಿಡಮ್ಮ. ನಿನ್ ತಮ್ಮನೂ ಇದಾನಲ್ಲ."

ಕಾಮ್ರಾನ್ ಅವಳನ್ನೇ ನೋಡುತ್ತಿದ್ದ. ಅವನು ಸಮುದ್ರವನ್ನೇ ಕಂಡಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಮಲ್ಪೆಗೆ ಹೋಗೋಣ ಎಂದು ಮೊದಲು ಆಸೆ ಹುಟ್ಟಿಸಿದವಳು ಅವಳೇ. ಅಚ್ಯುತ್ ಚಪ್ಪಲಿಯಲ್ಲಿ ಮಣ್ಣು ಕೆದಕುತ್ತಿದ್ದರು.

"ಪರೀಕ್ಷೆ ಶುರುವಾದ್ಮೇಲೆ ರಿಪೇರಿ ಇಲ್ಲ," ಎಂದಳು ಶೈಸ್ತಾ. "ಮೇಷ್ಟ್ರೇ ಹೇಳಿದ್ದು. ನಾನಿನ್ನೂ ಮರ್ತಿಲ್ಲ ಸಾರ್."

"ಒಂದ್ ವರ್ಷದಿಂದ ಇದನ್ನೇ ಇಟ್ಕೊಂಡು ಕೂತಿದ್ರೇನಮ್ಮ?" ಎಂದರು ಅಚ್ಯುತ್.

"ಗೂಡು ಬೇಯಿಸ್ತಾ ಕೂತಿದ್ದೆ ಸಾರ್."

ಒಬ್ಬಿಬ್ಬರು ನಕ್ಕರು. ಅಚ್ಯುತ್ ತಮ್ಮ ಕಯಾಕನ್ನು ದಂಡೆಯ ಮೇಲಕ್ಕೆ ಎಳೆಯತೊಡಗಿದರು. ಕಾಮ್ರಾನ್ ಅಕ್ಕನ ಹತ್ತಿರ ಬಂದು, ಈ ಎಳೆ ಹಿಡಿಯುತ್ತದೆ ಅಂತ ನಿನಗೆ ಮೊದಲೇ ಗೊತ್ತಿತ್ತಾ ಎಂದು ಉರ್ದುವಿನಲ್ಲಿ ಕೇಳಿದ. ಅವಳು ಹೌದೆಂದಳು. ಅವನು ಲೈಫ್ ಜಾಕೆಟ್ ಬಿಚ್ಚಿ ಅವಳ ಕಯಾಕಿನೊಳಗೆ ಹಾಕಿ, ಅಚ್ಯುತ್ ಅವರ ದೋಣಿಯ ಇನ್ನೊಂದು ತುದಿಗೆ ಕೈ ಹಾಕಿದ.

ಆರು ಮುಕ್ಕಾಲಿಗೆ ಒಂಬತ್ತು ಕಯಾಕುಗಳು ನೀರಿಗಿಳಿದವು. ಶೈಸ್ತಾ ಹಿಡಿದ ಕಾಟ್ಲಾ ನಾಲ್ಕು ಕೆಜಿ ಇನ್ನೂರು ಗ್ರಾಂ ತೂಗಿ, ಅವಳಿಗೆ ಎರಡನೇ ಸ್ಥಾನ ಬಂತು. ನವೆಂಬರಿನಲ್ಲಿ ಅವಳು ಮತ್ತು ಪೆರೇಸಂದ್ರದ ಸುನೀಲ್ ಮಲ್ಪೆಗೆ ಹೋದರು. ಕಾಮ್ರಾನ್ ಈಗ ಭಾನುವಾರಗಳಂದು ಅಚ್ಯುತ್ ಅವರ ಜೀಪಿನಲ್ಲಿ ಕೆರೆಗೆ ಬರುತ್ತಾನೆ.